ಕೊಡದ ನೀರಿನಲ್ಲೊಂದು ಸಂಶೋಧನೆ

ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂದ್ರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಇಲ್ಲಿನ ಮಕ್ಕಳು ಸಂಶೋಧನೆಗೆ ವಿಷಯ ಹುಡುಕಬೇಕಿಲ್ಲ, ಮನೆಯ ಕೊಡದಲ್ಲೇ ಇದೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ನಿಯಮ ಸರಳ: 10ರಿಂದ 17 ವರ್ಷದವರು ತಮ್ಮೂರಿನ ಸಮಸ್ಯೆ ಹಿಡಿದು, ತಾವೇ ಅಳೆದು, ವರದಿ ಮಂಡಿಸಬೇಕು. ನಮ್ಮಲ್ಲಿ ದಶಕಗಳ ಕಾಲ ಇದನ್ನು ನಡೆಸಿಕೊಂಡು ಬಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು.

ಪಾವಗಡದ ಕೊಳವೆಬಾವಿಗಳ ಫ್ಲೋರೈಡ್ ಹಳೇ ಕಥೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಮಕ್ಕಳ ಹಲ್ಲಿಗೆ ಕಲೆ. ಇನ್ನೂ ಹೆಚ್ಚಿದ್ದು, ವರ್ಷಗಟ್ಟಲೆ ಕುಡಿದ್ರೆ ಮೂಳೆಗೇ ಪೆಟ್ಟು. ತೀರ್ಪುಗಾರರು ನೋಡಬೇಕಾದ್ದು ಮಾಡೆಲ್‌ನ ಥಳಕು ಅಲ್ಲ. ಎಷ್ಟು ಬಾವಿ? ಯಾವ ತಿಂಗಳು? ಹೇಗೆ ಅಳೆದ್ರಿ? ಒಂದೇ ಬಾವಿ ನೋಡಿ ಇಡೀ ತಾಲ್ಲೂಕಿನ ಮಾತಾಡೋ ಹಾಗಿಲ್ಲ. (ನಮ್ಮ ಟಿವಿಯವರಿಗೂ ಇಂಥ ತೀರ್ಪುಗಾರರು ಬೇಕಿತ್ತು!)

ಪ್ರಶಸ್ತಿ ಬಂದ್ರೆ ಶಾಲೆ ಫೋಟೊ ತೆಗೆಸುತ್ತೆ, ಸರಿ. ವರದಿಯ ಒಂದು ಪ್ರತಿ ಗ್ರಾಮ ಪಂಚಾಯಿತಿಗೂ ಹೋಗಬೇಕಲ್ವಾ? ಶುದ್ಧ ನೀರಿನ ಘಟಕ ಮೊದಲು ಯಾವ ಬೀದಿಗೆ ಬೇಕು ಅನ್ನೋದು ಅದರಲ್ಲೇ ಇರುತ್ತೆ.