ತಾತನ ಪಿಟೀಲು ಮಾರೋಕೆ ಮುಂಚೆ ಇನ್ನೊಂದನ್ನ ನುಡಿಸಿ ನೋಡಿ!

"ಮೇಷ್ಟ್ರೇ, ನಮ್ಮ ಹುಡುಗಿ ಹತ್ರ ಇರೋದು ತಾತನ ಕಾಲದ ಪಿಟೀಲು. ಬರೀ ಕೀರಲು. ಹೊಸದೊಂದು ಕೊಡಿಸಿಬಿಡೋಣ್ವಾ?"

ಮೈಸೂರು ಕಡೆ ಪಿಟೀಲು ಪಾಠ ನಡೆಯುವ ಮನೆಗಳಲ್ಲಿ ಈ ಮಾತು ತಪ್ಪಿದ್ದಲ್ಲ. ತಿಳಿದ ಮೇಷ್ಟ್ರಾದರೆ ಅವಸರ ಪಡೋದಿಲ್ಲ. "ತಡೀರಿ ಸ್ವಾಮಿ, ಮೊದಲು ಬೇರೆ ಪಿಟೀಲೊಂದನ್ನು ಅವಳ ಕೈಗೆ ಕೊಡಿ. ಎರಡನ್ನೂ ನುಡಿಸ್ಲಿ" ಅಂತಾರೆ.

ಅಂಗಡಿಯಲ್ಲಿ ತೂಗುಹಾಕಿದ ಪಿಟೀಲು ಗಂಟೆಯ ಹಾಗೆ ಮೊಳಗುತ್ತೆ, ನಿಜ. ಅದರ ತಂತಿ ಹೊಸದು. ನಿಮ್ಮದಕ್ಕೆ ತಂತಿ ಬದಲಿಸಿ ಎಷ್ಟು ವರ್ಷವಾಯ್ತು? ಒಂದು ತಟ್ಟೆಗೆ ಮೊದಲೇ ಕಲ್ಲು ಇಟ್ಟು ತೂಗೋದು ಎಂಥ ತೂಕ ಅಂತ ವ್ಯಾಪಾರಸ್ಥರಿಗೆ ನಾವು ಹೇಳಿಕೊಡಬೇಕೇ? ಎರಡಕ್ಕೂ ಹೊಸ ತಂತಿ ಇರಲಿ. ಶ್ರುತಿ ಒಂದೇ, ಕೋಣೆ ಒಂದೇ, ಕಮಾನು ನಿಮ್ಮದೇ. ಸ್ವಲ್ಪ ಹೊತ್ತು ಬೇರೆಯವರು ನುಡಿಸಲಿ, ನೀವು ದೂರ ಕೂತು ಕೇಳಿ. ಕಿವಿಯ ಪಕ್ಕ ಜೋರಾಗಿ ಕೇಳಿಸಿದ್ದು ಬಾಗಿಲ ಹತ್ರ ಬರೋ ಹೊತ್ತಿಗೆ ಸಪ್ಪೆಯಾಗೋದುಂಟು.

ಹೀಗೆ ನೋಡಿದಾಗ ತಮಾಷೆ ಶುರು. ಹೊಸ ಪಿಟೀಲಿನ ಮೇಲೆ ಬೆರಳು ಕೂದಲೆಳೆಯಷ್ಟು ಆಚೀಚೆ ಬೀಳುತ್ತೆ. ತಂತಿ ಕೊಂಚ ಎತ್ತರವಿದ್ದರೂ ಗಮಕ ತಡವರಿಸುತ್ತೆ, ಜಾರು ನಿಲ್ಲಬೇಕಾದ ಕಡೆ ನಿಲ್ಲೋದಿಲ್ಲ. ವರ್ಷಗಟ್ಟಲೆ ಬೈದುಕೊಂಡು ನುಡಿಸಿದ ಹಳೇ ಪಿಟೀಲು ಕೈಯನ್ನು ಎಷ್ಟು ಪಳಗಿಸಿತ್ತು ಅನ್ನೋದು ಆಗ ತಿಳಿಯುತ್ತೆ.

ಹಾಗಾದ್ರೆ ಕೀರಲು ಎಲ್ಲಿಂದ ಬಂತು? ಬಹಳ ಸಲ ಕಾರಣ ಚಿಲ್ಲರೆ. ಶ್ರುತಿ ಮಾಡ್ತಾ ಮಾಡ್ತಾ ಕುದುರೆ ಮುಂದಕ್ಕೆ ವಾಲಿರುತ್ತೆ. ಬೆರಳಿಗೆ ಹಚ್ಚಿದ ಕೊಬ್ಬರಿ ಎಣ್ಣೆ ಕಮಾನು ಆಡುವ ಜಾಗಕ್ಕೂ ಹರಿದಿರುತ್ತೆ. ಮಳೆಗಾಲದಲ್ಲಿ ಬಿರಡೆ ಉಬ್ಬಿ ಹಿಡಿದಿರುತ್ತೆ, ಇಲ್ಲವೇ ಅಂಚಿನ ಅಂಟು ಬಿಟ್ಟಿರುತ್ತೆ. ಪಿಟೀಲಿನ ಹೊಟ್ಟೆಯೊಳಗೆ, ಕುದುರೆಯ ಒಂದು ಕಾಲಿನ ಹತ್ತಿರ, ಪುಟ್ಟ ಕಡ್ಡಿಯೊಂದು ನಿಂತಿದೆ. ಫ್ರೆಂಚರು ಅದನ್ನು ಪಿಟೀಲಿನ 'ಆತ್ಮ' ಅಂತಲೇ ಕರೀತಾರೆ. ಅದು ಚೂರು ಸರಿದರೂ ದನಿಯೇ ಬೇರೆ. ಅದಕ್ಕೇ ತಂತಿ ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ಕಡ್ಡಿ ಬಿದ್ದೀತು!

ಇನ್ನು ಒಳಗಿನ ಚೀಟಿಯ ವಿಷಯ. 'ಸ್ಟ್ರಾಡಿವೇರಿಯಸ್' ಅಂತ ಓದಿ ಮನೆಯಲ್ಲಿ ನಿಧಿ ಸಿಕ್ಕಿತೆಂದು ಕುಣಿಯಬೇಡಿ. ಜರ್ಮನಿಯ ಕಾರ್ಖಾನೆಗಳು ಆ ಚೀಟಿ ಅಂಟಿಸಿ ರಾಶಿ ರಾಶಿ ಪಿಟೀಲು ಕಳಿಸಿದ್ದವು. ಆದರೆ ಚೀಟಿ ಸುಳ್ಳು ಅಂತ ಮರವೂ ಸುಳ್ಳಲ್ಲ, ಗುಜರಿ ಬೆಲೆಗೆ ಕೊಡಬೇಡಿ.

ಅಸಲಿ ಸ್ಟ್ರಾಡಿವೇರಿಯಸ್ ಕಥೆಯೂ ಸ್ವಾರಸ್ಯವಾಗಿದೆ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಹೋಟೆಲೊಂದರಲ್ಲಿ 21 ಮಂದಿ ವಾದಕರಿಗೆ ಕಪ್ಪು ಕನ್ನಡಕ ಹಾಕಿಸಿ 6 ಪಿಟೀಲು ಕೊಟ್ಟರು. ಮೂರು ಹೊಸವು, ಮೂರು ಇಟಲಿಯ ಹಳೆಯವು. ಹಳೆಯ ಮೂರರ ಬೆಲೆ ಒಟ್ಟು ಸುಮಾರು 1 ಕೋಟಿ ಡಾಲರ್, ಹೊಸ ಮೂರರ ನೂರರಷ್ಟು! ಮನೆಗೆ ಒಯ್ಯೋದಾದರೆ ಯಾವುದು ಅಂತ ಕೇಳಿದ್ದಕ್ಕೆ ಹಳೆಯದನ್ನು ಆರಿಸಿದವರು 8 ಜನ ಮಾತ್ರ. ಎಲ್ಲಕ್ಕಿಂತ ಬೇಡವಾದದ್ದು ಒಂದು ಸ್ಟ್ರಾಡಿವೇರಿಯಸ್ಸೇ. ಬೆಲೆಚೀಟಿ ಕಾಣದಿದ್ದರೆ ಕಿವಿ ಎಷ್ಟು ಪ್ರಾಮಾಣಿಕ ನೋಡಿ.

ನಮ್ಮ ಚೌಡಯ್ಯನವರನ್ನು ಮರೆಯೋದುಂಟೇ? ನರಸೀಪುರದ ಬಸ್ಸು ಹತ್ತೋರಿಗೆ ತಿರುಮಕೂಡಲು ಗೊತ್ತು, ಅಲ್ಲಿಯವರು. ಮೈಕು ಇಲ್ಲದ ಕಾಲದಲ್ಲಿ ಪಿಟೀಲು ಹಿಂದಿನ ಸಾಲಿಗೆ ಕೇಳಲಿ ಅಂತ 1927ರಲ್ಲಿ ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಕಟ್ಟಿ ಏಳು ಮಾಡಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣ ಪಿಟೀಲಿನ ಆಕಾರದಲ್ಲೇ ಇದೆ.

ಹಾಗಂತ ಹಳೇದಕ್ಕೇ ಜೋತುಬೀಳಿ ಅಂತಲ್ಲ. ಮುಕ್ಕಾಲು ಸೈಜಿನ ಪಿಟೀಲಿಗೆ ಮಗಳ ಕೈ ಉದ್ದವಾಗಿದ್ದರೆ, ಕತ್ತು ಬಾಗಿಹೋಗಿದ್ದರೆ ಧಾರಾಳವಾಗಿ ಬದಲಿಸಿ. ಉಳಿದವರು ಮೊದಲು ರಿಪೇರಿಯವರ ಹತ್ರ ಹೋಗಿ. ಖರ್ಚು ಹೊಸದಕ್ಕಿಂತ ಬಹಳ ಕಮ್ಮಿ.

ಅಂದಹಾಗೆ, ಬಸ್ಸಲ್ಲಿ ಹೋಗೋರಿಗೆ ಒಂದು ಮಾತು. ಕಂಡಕ್ಟರ್ "ಪೆಟ್ಟಿಗೆ ಎಂಜಿನ್ ಬಾನೆಟ್ ಮೇಲಿಡ್ರಿ" ಅಂದರೆ ಒಪ್ಪಬೇಡಿ. ಆ ಕಾವಿಗೆ ಅಂಟು ಕರಗುತ್ತೆ. ತೊಡೆ ಮೇಲೇ ಇಟ್ಕೊಳ್ಳಿ.