ಸ್ಫಟಿಕದ ಅಂಚಿನಲ್ಲಿ ಹರಿಯುವ ವಿದ್ಯುತ್ತು

ಹಿಮವು ನೀರಾಗುವುದು ಶಾಖದಿಂದ. ಶಾಖದ ನೆರವಿಲ್ಲದೆಯೂ ಪದಾರ್ಥವು ಸ್ಥಿತ್ಯಂತರ ಹೊಂದಬಲ್ಲುದೆಂಬುದಕ್ಕೆ ಒಂದು ನಿದರ್ಶನವನ್ನು ನಾವು ವಾಚಕರ ಮುಂದಿಡುತ್ತೇವೆ.

ಪಾದರಸವೂ ಟೆಲ್ಲೂರಿಯಮ್ಮೂ ಕೂಡಿದ ಸ್ಫಟಿಕದ ಪೊರೆಯೊಂದುಂಟು. ಅದರ ದಪ್ಪವು ಸುಮಾರು 6.3 ನ್ಯಾನೊಮೀಟರಿಗಿಂತ ಕಡಮೆಯಾದರೆ, ಎಂದರೆ ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಆರರಷ್ಟಿದ್ದರೆ, ಅದು ಬರಿಯ ಅವಾಹಕ. ಆ ಮಿತಿಯನ್ನು ಮೀರಿತೋ, ಒಡಲು ಅವಾಹಕವಾಗಿಯೇ ಉಳಿದು ಅಂಚುಗಳಲ್ಲಿ ಮಾತ್ರ ವಿದ್ಯುತ್ತು ಹರಿಯುವುದು! 2006ರಲ್ಲಿ ಬರ್ನೆವಿಗ್, ಹ್ಯೂಸ್, ಜಾಂಗ್ ಎಂಬ ವಿದ್ವಾಂಸರು ಗಣಿತದಿಂದ ಕಂಡುಕೊಂಡ ಈ ಸಂಗತಿಯನ್ನು, 2007ರಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗಿನಲ್ಲಿ ಮೋಲೆನ್‌ಕಾಂಪರ ಬಳಗದವರು ಕಡುಶೀತದಲ್ಲಿ ಪ್ರಯೋಗಿಸಿ ಸಿದ್ಧಪಡಿಸಿದರು.

ಇದರ ಮರ್ಮವೇನು? ಹಿಟ್ಟಿನ ಉಂಡೆಯನ್ನು ಎಷ್ಟು ನಾದಿದರೂ, ತೂತು ಮಾಡದೆ, ತುದಿ ಕೂಡಿಸದೆ, ಅದು ಕೋಡುಬಳೆಯಾಗದು. ರಂಧ್ರವು ಒಂದೋ ಸೊನ್ನೆಯೋ, ಅರ್ಧವೆಂಬುದಿಲ್ಲ. ಸ್ಫಟಿಕದೊಳಗಿನ ಎಲೆಕ್ಟ್ರಾನು ಅಲೆಗಳ ಹೆಣಿಗೆಗೂ ಅಂಥದೇ ಪೂರ್ಣಾಂಕದ ಗುರುತುಂಟು. ಆದಕಾರಣ ಸಣ್ಣಪುಟ್ಟ ಕಲ್ಮಷಗಳು ಅಂಚಿನ ಹರಿವನ್ನು ಸುಲಭವಾಗಿ ಕೆಡಿಸಲಾರವು. ಎಲೆಕ್ಟ್ರಾನುಗಳ ಶಕ್ತಿಮಟ್ಟಗಳ ನಡುವಣ ಅಂತರವು ಒಮ್ಮೆ ಮುಚ್ಚಿ ಮತ್ತೆ ತೆರೆದಾಗಲೇ ಆ ಗುರುತು ಬದಲಾಗುವುದು. ಅದೇ ಕ್ವಾಂಟಮ್ ಸ್ಥಿತ್ಯಂತರ.

ಇಂಥ ವಿಚಾರಕ್ಕೆ ತಳಹದಿ ಹಾಕಿದ ಥೌಲೆಸ್, ಹಾಲ್ಡೇನ್, ಕೋಸ್ಟರ್ಲಿಟ್ಸ್ ಮಹಾಶಯರಿಗೆ 2016ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ತಂತಿ ಬಿಸಿಯಾಗಿ ವ್ಯರ್ಥವಾಗುವ ವಿದ್ಯುತ್ತನ್ನು ಉಳಿಸುವ ದಾರಿಯನ್ನು ಶಾಸ್ತ್ರಜ್ಞರು ಈ ಅಂಚಿನಲ್ಲಿಯೇ ಅರಸುತ್ತಿದ್ದಾರೆ.