ಒಂದು ವಿಳಾಸ, ಹಲವು ಮನೆ

ಒಂದು ಮನೆಗೆ ಒಂದು ವಿಳಾಸ, ಇದು ಲೋಕರೂಢಿ. ಹತ್ತು ಊರುಗಳ ಹತ್ತು ಮನೆಗಳಿಗೆ ಒಂದೇ ವಿಳಾಸವಿದ್ದರೆ ಅಂಚೆಯವನು ಕಂಗೆಡುವನು. ಅಂತರಜಾಲದಲ್ಲಿಯಾದರೋ ಇದು ಬೇಕೆಂದೇ ಮಾಡಿಕೊಂಡ ಏರ್ಪಾಡು. ಇದಕ್ಕೆ ‘ಎನಿಕಾಸ್ಟ್’ ಎಂದು ಹೆಸರು. ಒಂದೇ ಸಂಖ್ಯಾವಿಳಾಸವನ್ನು ಹೊತ್ತ ಯಂತ್ರಗಳು ಹಲವು ದೇಶಗಳಲ್ಲಿರುತ್ತವೆ. ನಾವು ಕಳುಹಿಸಿದ ಪ್ರಶ್ನೆ ದಾರಿಯ ಲೆಕ್ಕದಲ್ಲಿ ಹತ್ತಿರವಾದುದನ್ನು ಸೇರುತ್ತದೆ. ಅದು ಕೆಟ್ಟು ನಿಂತರೆ ಮತ್ತೊಂದು ಉತ್ತರ ಕೊಡುತ್ತದೆ.

ಇದರ ಅಗತ್ಯ ಎದ್ದು ಕಂಡದ್ದು 2002ರ ಅಕ್ಟೋಬರಿನಲ್ಲಿ. ಜಾಲದ ಹೆಸರುಗಳಿಗೆ ಸಂಖ್ಯೆಗಳನ್ನು ಹುಡುಕಿಕೊಡುವ ವ್ಯವಸ್ಥೆಯ ಬುಡದಲ್ಲಿರುವ 13 ಮೂಲ ಸರ್ವರುಗಳ ಮೇಲೆ ಹುಸಿ ಕೋರಿಕೆಗಳ ಮಹಾಪೂರವೇ ಹರಿಯಿತು. ಜಾಲ ಕುಸಿಯಲಿಲ್ಲ, ನಡೆಸುವವರಿಗೆ ಎಚ್ಚರವಾಯಿತು. ಅಲ್ಲಿಂದಾಚೆಗೆ ಅವುಗಳ ಪ್ರತಿರೂಪಗಳು ನಾಡುನಾಡುಗಳಿಗೆ ಹರಡಿದವು. 2005ರಲ್ಲಿ ಚೆನ್ನೈ, ಮುಂಬಯಿ, ದೆಹಲಿಗಳಿಗೂ ಬಂದವು.

ತೊಡಕು ಬಂದದ್ದು ವಿಳಾಸಗಳನ್ನು ಹಂಚುವವರಿಗೆ. ನಾಲ್ಕನೆಯ ಆವೃತ್ತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಬೇಡುವವನು ತನ್ನಲ್ಲಿರುವ ಯಂತ್ರಗಳ ಲೆಕ್ಕ ತೋರಿಸಬೇಕು, ಅದಕ್ಕೆ ತಕ್ಕಷ್ಟೇ ಕೊಡಬೇಕು ಎಂಬುದು ಹಂಚಿಕೆಯ ಧರ್ಮವಾಗಿತ್ತು. ಎನಿಕಾಸ್ಟ್ ಸೇವೆಗೆ ಒಂದೇ ವಿಳಾಸ ಸಾಕು. ಆದರೆ 256 ವಿಳಾಸಗಳಿಗಿಂತ ಸಣ್ಣ ಕಂತೆಯನ್ನು ಜಾಲದ ಮಾರ್ಗಕೋಷ್ಟಕಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಂದರ ಸಲುವಾಗಿ 256 ಕೊಡಬೇಕು. ಮಿಕ್ಕವು ಬಹುಮಟ್ಟಿಗೆ ಬೀಳುಬಿದ್ದ ಹೊಲ. ಕೊಟ್ಟರೆ ದುಂದು, ಕೊಡದಿದ್ದರೆ ಜಾಲದ ಬುಡಕ್ಕೇ ಅಪಾಯ.

ಯುರೋಪಿನ ಹಂಚಿಕೆಯನ್ನು ನೋಡಿಕೊಳ್ಳುವ ರೈಪ್ ಬಳಗ ಒಂದು ನಡುದಾರಿ ಹಿಡಿಯಿತು. ಜರ್ಮನಿಯ ‘ಡಿಇ’ಯಂಥ ಉನ್ನತ ಹೆಸರುಗಳ ಸರ್ವರುಗಳನ್ನು ನಡೆಸುವವರಿಗೆ ಹೆಸರೊಂದಕ್ಕೆ ಹೆಚ್ಚೆಂದರೆ ಇಂಥ ನಾಲ್ಕು ಕಂತೆಗಳು; ಅವೂ ಈ ಕೆಲಸಕ್ಕೆ ಮಾತ್ರ. ಹಾಗಾದರೆ ಉಳಿದ ಸೇವೆಗಳ ಗತಿ? ಲೋಕೋಪಯೋಗ ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಮೊದಲಾಗುತ್ತದೆ? ಆ ಗೆರೆಯನ್ನು ಎಳೆಯುವುದು ಸುಲಭವಲ್ಲ.

2011ರ ಫೆಬ್ರವರಿಯಲ್ಲಿ ಈ ವಿಳಾಸಗಳ ಕೇಂದ್ರ ದಾಸ್ತಾನು ಬರಿದಾಯಿತು; 2019ರ ನವೆಂಬರಿನಲ್ಲಿ ಯುರೋಪಿನದೂ ಮುಗಿಯಿತು. ಆರನೆಯ ಆವೃತ್ತಿಯ ವಿಳಾಸಗಳು ಎಣಿಕೆಗೆ ಮೀರಿದಷ್ಟಿವೆ. ಇನ್ನು ಬಿಗಿಹಿಡಿತವೇಕೆಂದು ತಾವು ಕೇಳಬಹುದು. ಬೇರೆಯಾಗಿ ಸಾರಿದ ಪ್ರತಿಯೊಂದು ಕಂತೆಯೂ ಲೋಕದ ದೊಡ್ಡ ರೌಟರುಗಳ ಕೋಷ್ಟಕದಲ್ಲೆಲ್ಲ ಒಂದೊಂದು ಸಾಲನ್ನು ಹಿಡಿಯುತ್ತದೆ. ಪಡೆದವನು ಒಬ್ಬ, ಹೊರುವವರು ಎಲ್ಲರೂ.

ಆದ್ದರಿಂದ ನನಗೆ ತೋರುವುದಿಷ್ಟು. ನಿನ್ನಲ್ಲಿ ಯಂತ್ರಗಳೆಷ್ಟು ಎಂದು ಕೇಳುವ ಹಳೆಯ ಲೆಕ್ಕ ಇಲ್ಲಿ ಸಾಲದು. ಈ ಕಂತೆಯಿಂದ ಯಾರ ದಾರಿ ತೆರೆದಿರುತ್ತದೆ, ಅದರ ಹೊರೆ ಯಾರ ಮೇಲೆ ಬೀಳುತ್ತದೆ ಎಂದು ಹಂಚುವವರು ವಿಚಾರಿಸಬೇಕು. ಕೊಟ್ಟಮೇಲೂ ಮರಳಿ ವಿಚಾರಿಸುತ್ತಿರಬೇಕು.